ಹಸುವಾದ ಮೇಲೆ ಚಕ್ರಪಾಣಿ

ಚಕ್ರಪಾಣಿಯವರ ಕಾಲ್ಗುಣ ಸರಿಯಿಲ್ಲ ಎಂಬ ಮಾತು ಹುಟ್ಟಿದ್ದು ಬಸವೇಶ್ವರನಗರದ ನಮ್ಮ ಎಂಟನೇ ಕ್ರಾಸಿನಲ್ಲಿ, ಗಂಗಾಧರಯ್ಯನವರ ಮನೆಯ ಟಿ.ವಿ. ಮುಂದೆ. ಭಾರತದ ಬ್ಯಾಟಿಂಗ್ ನಡೆಯುತ್ತಿತ್ತು. ಚಕ್ರಪಾಣಿ ಚಪ್ಪಲಿ ಬಿಟ್ಟು ಒಳಗೆ ಬಂದು ಸೋಫಾದ ಮೇಲೆ ಅರ್ಧ ಕುಳಿತರು. ಒಂದು ವಿಕೆಟ್ ಬಿತ್ತು. ಪೂರ್ತಿ ಕುಳಿತರು. ಇನ್ನೊಂದು ಬಿತ್ತು. ಕಾಫಿ ತರಲು ಹೋಗಿದ್ದ ಮನೆಯಾಕೆ ಒಂದು ಲೋಟ ಕಡಿಮೆ ತಂದರು.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮರುತಿಂಗಳು ಪಕ್ಕದ ಮನೆಯ ಏಕಾಂತಯ್ಯ ಬೋರ್‌ವೆಲ್ ಕೊರೆಸುವಾಗ ಚಕ್ರಪಾಣಿ ಸುಮ್ಮನೆ ಬಗ್ಗಿ ನೋಡಿದರು, ಒಳಗಿನಿಂದ ನೀರಿನ ಬದಲು ಬಿಳಿ ಧೂಳು ಬಂತು. ಆಮೇಲೆ ಕ್ರಾಸಿನವರೆಲ್ಲ ಎರಡು ವರ್ಷ ಸಾಲಾಗಿ ಬಂಡೀಪುರಕ್ಕೆ ಟೂರ್ ಹೋದರು. ಎರಡು ಸಲವೂ ಹುಲಿ ಕಾಣಲಿಲ್ಲ. ಬಂಡೀಪುರಕ್ಕೆ ಹೋಗಿ ಹುಲಿ ಕಾಣದೆ ಬಂದವರು ಈ ರಾಜ್ಯದಲ್ಲಿ ಎಷ್ಟು ಜನ ಇಲ್ಲ? ಅವರ ಕಾಲನ್ನು ಯಾರೂ ನೋಡುವುದಿಲ್ಲ. ಎಂಟನೇ ಕ್ರಾಸಿನವರು ನೋಡಿದರು.

ಚಕ್ರಪಾಣಿ ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಇದೆಲ್ಲ ಮೂಢನಂಬಿಕೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಬೆಳಗ್ಗೆ ಅವರು ಸ್ಕೂಟರ್ ಹೊರಗೆ ತೆಗೆದರೆ ಎದುರು ಮನೆಯ ಪುಟ್ಟಲಕ್ಷ್ಮಿ ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಸ್ಕೂಟರ್ ತಿರುವು ದಾಟಿದ ಮೇಲೆ ಹೊರಡುತ್ತಿದ್ದರು. ಆ ಬೀದಿಯಲ್ಲಿ ಅವರನ್ನು ಕಂಡು ಓಡಿಬರುತ್ತಿದ್ದದ್ದು ನಾಯಿಗಳು ಮಾತ್ರ. ಎರಡು ಸಲ ಕಚ್ಚಿಯೂ ಇದ್ದವು. ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ನಾಯಿ ಎಂಬ ಶಬ್ದ ಕೇಳಿದರೇ ಅವರಿಗೆ ಮೈ ಉರಿಯುತ್ತಿತ್ತು.

ಎರಡು ಸಾವಿರದ ಆರನೇ ಇಸವಿ. ಕ್ರಾಸಿನ ಸಂಘದ ಅಧ್ಯಕ್ಷರಾದ ಗಂಗಾಧರಯ್ಯ ಶ್ರೀಗಂಧದ ಕಾವಲ್‌ನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಗೃಹಪ್ರವೇಶಕ್ಕೆ ಮುಂಚೆ ಇನ್ನೊಂದು ಸಲ ಬಂಡೀಪುರ ನೋಡಿಬಿಡೋಣ ಎಂದು ಸಂಘದವರು ತೀರ್ಮಾನಿಸಿದರು. ಗಂಗಾಧರಯ್ಯ ಚಕ್ರಪಾಣಿಯವರ ಮನೆಗೆ ಬಂದರು. ಬಂದವರು ಕೂರಲಿಲ್ಲ.

"ಮೇಷ್ಟ್ರೇ, ನಿಮ್ಗೆ ಬೆನ್ನುನೋವು ಅಲ್ವಾ? ಅಷ್ಟು ದೂರ ಬರೋದು ಕಷ್ಟ ಆಗತ್ತೇನೋ."

"ನಂಗೆಲ್ಲಿ ಸಾರ್ ಬೆನ್ನುನೋವು?"

"ಇಲ್ವಾ? ಬಂದ್ರೆ ಕಷ್ಟ ಅಂದೆ."

ಅಡುಗೆಮನೆಯಿಂದ ಪಂಕಜಾ ಹೊರಗೆ ಬಂದರು. ಕೈಯಲ್ಲಿ ಸೌಟಿತ್ತು. "ನಮ್ಮೆಜಮಾನ್ರು ಬರಲ್ಲ ಅಂದ್ರೆ ನಾನೂ ಬರಲ್ಲ ಸಾರ್. ನಾನು ಬರಲ್ಲ ಅಂದ್ರೆ ಪುಳಿಯೋಗರೆನೂ ಬರಲ್ಲ."

ಪಂಕಜಾ ಅವರ ಪುಳಿಯೋಗರೆ ಇಲ್ಲದೆ ಎಂಟನೇ ಕ್ರಾಸಿನವರು ಕೆಂಗೇರಿ ದಾಟಿದ ದಾಖಲೆ ಇಲ್ಲ. ಗಂಗಾಧರಯ್ಯ ತಮ್ಮ ಗಿರಿಜಾ ಮೀಸೆಯನ್ನು ಸ್ವಲ್ಪ ಹೊತ್ತು ನೇವರಿಸಿಕೊಂಡು ಯೋಚಿಸಿದರು.

"ಆಯ್ತಮ್ಮ, ಬರ್ಲಿ. ಆದ್ರೆ ಒಂದು ಮಾತು ಮೇಷ್ಟ್ರೇ. ಈ ಸಲ ಹುಲಿ ಕಾಣಿಸ್ತು ಅಂತಿಟ್ಕೊಳಿ, ನಮ್ಮನೆ ಗೃಹಪ್ರವೇಶದಲ್ಲಿ ಹಸು ಆದ್ಮೇಲೆ ಮೊದಲನೇ ಕಾಲು ನಿಮ್ದೇ. ಎಲ್ರ ಮುಂದೆನೂ ಕೈ ಹಿಡಿದು ಒಳಗೆ ಕರ್ಕೊಂಡು ಹೋಗ್ತೀನಿ. ಕಾಣಿಸ್ಲಿಲ್ಲ ಅಂದ್ರೆ..."

"ಕಾಣಿಸ್ಲಿಲ್ಲ ಅಂದ್ರೆ ನಾನಾಗೇ ಬರಲ್ಲ ಬಿಡಿ. ಈ ಕ್ರಾಸಲ್ಲಿ ಯಾರ ಮನೆ ಹೊಸ್ತಿಲೂ ತುಳಿಯಲ್ಲ" ಎಂದುಬಿಟ್ಟರು ಚಕ್ರಪಾಣಿ. ಸಿಟ್ಟಿನಲ್ಲಿ ಆಡಿದ ಮಾತು.

"ಛೆ ಛೆ, ಹಂಗೆಲ್ಲ ಯಾಕಂತೀರಾ" ಎಂದರು ಗಂಗಾಧರಯ್ಯ. ಆದರೆ ಬೇಡ ಎನ್ನಲಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡು ಜನ ಟೆಂಪೋ ಟ್ರಾವೆಲರ್ ಹತ್ತಿದರು. ಓಡಿಸುವವನು ಗದಗಿನ ಕಡೆಯ ಫಕೀರೇಶ. ಗುಂಡ್ಲುಪೇಟೆಯ ಒಂದು ಛತ್ರದಲ್ಲಿ ಮಲಗೆದ್ದು, ಭಾನುವಾರ ಬೆಳಗ್ಗೆ ಆರೂವರೆಗೆ ಕಾಡಿನ ಬಾಗಿಲಲ್ಲಿ ಸಫಾರಿ ವ್ಯಾನಿಗೆ ಬದಲಾಯಿಸಿದರು. ಚಕ್ರಪಾಣಿ ಬಲಗಾಲು ಮುಂದಿಟ್ಟು ಹತ್ತಿದರು. ಹನ್ನೊಂದು ಜನ ಅದನ್ನು ಗಮನಿಸಿದರು.

ಸಫಾರಿ ವ್ಯಾನಿನ ಡ್ರೈವರು ಅಲ್ಲಿಯದೇ ಹಳ್ಳಿಯವನು, ಐವತ್ತು ದಾಟಿದವನು, ಹಣೆಗೆ ವಿಭೂತಿ ಹಚ್ಚಿದ್ದ. ವ್ಯಾನು ಹೊರಡುತ್ತಿದ್ದಂತೆ ಏಕಾಂತಯ್ಯ ಮುಂದಕ್ಕೆ ಬಗ್ಗಿ, "ಏನಣ್ಣ, ಇವತ್ತು ಹುಲಿ ಸಿಗತ್ತಾ?" ಎಂದರು.

ಡ್ರೈವರು ಎರಡೂ ಕಿವಿ ಮುಟ್ಟಿಕೊಂಡ. "ಬುಡ್ತು ಅನ್ನಿ ಸಾ."

"ಸಿಗಲ್ವಂತೆ" ಎಂದು ಏಕಾಂತಯ್ಯ ಹಿಂದೆ ತಿರುಗಿ ವರದಿ ಮಾಡಿದರು. ಎಲ್ಲರೂ ಚಕ್ರಪಾಣಿಯವರ ಕಾಲು ನೋಡಿದರು. ಮೇಷ್ಟ್ರು ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡರು.

ಮೊದಲು ಜಿಂಕೆ ಕಂಡವು. ಆಮೇಲೆ ಇನ್ನಷ್ಟು ಜಿಂಕೆ. ಆನೆ ಲದ್ದಿ ಕಂಡಿತು, ಆನೆ ಕಾಣಲಿಲ್ಲ. ನವಿಲು ಕಂಡಾಗ ಪುಟ್ಟಲಕ್ಷ್ಮಿ, "ಇವು ಯೂನಿವರ್ಸಿಟಿ ಹತ್ರಾನೇ ಕೂಗ್ತಿರ್ತವೆ" ಎಂದರು. ಒಂದು ಕಡೆ ಡ್ರೈವರು ಗಾಡಿ ನಿಲ್ಲಿಸಿ, "ಸೀಳ್ನಾಯಿ ಸಾ, ನೋಡ್ಕಳಿ" ಎಂದ. ಕೆಂಚು ಬಣ್ಣದ ಏಳೆಂಟು ಕಾಡುನಾಯಿಗಳು ಬಿಸಿಲು ಕಾಯಿಸುತ್ತಿದ್ದವು. ಎಲ್ಲರೂ ಹತ್ತು ನಿಮಿಷ ನೋಡಿದರು. ಚಕ್ರಪಾಣಿ ಗಡಿಯಾರ ನೋಡಿದರು. ಸಫಾರಿ ಇರುವುದೇ ಒಂದು ಗಂಟೆ, ಅದರಲ್ಲಿ ಹತ್ತು ನಿಮಿಷ ನಾಯಿಗೆ ಹೋಯಿತು.

ಇನ್ನು ಹದಿನೈದು ನಿಮಿಷ ಉಳಿದಿತ್ತು. ಒಂದು ಸಣ್ಣ ಕೆರೆಯ ಪಕ್ಕ, ದಟ್ಟವಾಗಿ ಬೆಳೆದ ಲಂಟಾನ ಪೊದೆಯ ಎದುರು ವ್ಯಾನು ಮತ್ತೆ ನಿಂತಿತು. ಡ್ರೈವರು ಎಂಜಿನ್ ಆರಿಸಿದ. ಉಸಿರಿನಲ್ಲೇ ಹೇಳಿದ, "ಸಾ, ದೊಡ್ನಾಯಿ."

"ಏನಂತೆ?" ಎಂದರು ಗಂಗಾಧರಯ್ಯ.

"ನಾಯಿಯಂತೆ" ಎಂದರು ಚಕ್ರಪಾಣಿ. ಮುಂದಿನ ಸೀಟಿನಲ್ಲಿದ್ದವರು ಅವರೇ.

"ಪೊದೆ ಹಿಂದ್ಗಡೆ ಮನಗದೆ ಸಾ. ಕಿವಿ ಕಾಣ್ತಾ ಅದೆ. ಸದ್ದು ಮಾಡ್ದೆ ಐದ್ ನಿಮಿಷ ಕುಂತ್ರೆ ಎದ್ದು ನೀರಿಗೆ ಬತ್ತದೆ."

"ನಾಯಿ ಏಳೋ ತನಕ ಕಾಯ್ಬೇಕಾ?" ಚಕ್ರಪಾಣಿಯವರ ದನಿ ಏರಿತು. "ನಾಯಿ ನೋಡಕ್ಕೆ ಬೆಂಗ್ಳೂರಿಂದ ಇಲ್ಲಿ ತನಕ ಬರ್ಬೇಕಾಗಿತ್ತೇನ್ರೀ? ನಮ್ಮ ಕ್ರಾಸಲ್ಲೇ ಹದಿನೆಂಟಿವೆ. ನಡೀರಿ ಮುಂದೆ!"

ಡ್ರೈವರು ಅವರ ಮುಖವನ್ನೇ ನೋಡಿದ. ಇಷ್ಟು ವರ್ಷದ ಸರ್ವಿಸಿನಲ್ಲಿ ಅವನು ಅಂಥ ಮನುಷ್ಯನನ್ನು ಕಂಡಿರಲಿಲ್ಲ. "ಬ್ಯಾಡ್ವಾ ಸಾ? ದೊಡ್ನಾಯಿ ಸಾ..."

"ದೊಡ್ಡದಾದ್ರೇನು ಚಿಕ್ಕದಾದ್ರೇನು, ನಾಯಿ ನಾಯೀನೇ. ಟೈಮಾಗ್ತಿದೆ, ಹೊರಡ್ರೀ."

"ಹೌದಪ್ಪ, ನಡಿ ನಡಿ" ಎಂದರು ಏಕಾಂತಯ್ಯ. ಪುಟ್ಟಲಕ್ಷ್ಮಿಯೂ ಹ್ಞೂಂಗುಟ್ಟಿದರು. ಡ್ರೈವರು ಮತ್ತೊಮ್ಮೆ ಕಿವಿ ಮುಟ್ಟಿಕೊಂಡು ಗೇರ್ ಹಾಕಿದ. ವ್ಯಾನು ಚಲಿಸಿದಾಗ ಚಕ್ರಪಾಣಿಯವರಿಗೆ ಕ್ರಾಸಿನ ನಾಯಿಗಳ ಮೇಲಿದ್ದ ಹಳೆಯ ಸಿಟ್ಟೆಲ್ಲ ಒಟ್ಟಿಗೆ ನುಗ್ಗಿ ಬಂತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಣ್ಣು ಕೆಕ್ಕರಿಸಿ, ಬಾಯಿ ಅಗಲಿಸಿ, ಪೊದೆಯ ಕಡೆಗೆ "ಹಚಾ! ಹಚಾ!" ಎಂದು ಅಬ್ಬರಿಸಿದರು. ಮನಸ್ಸಿಗೆ ಸ್ವಲ್ಪ ಹಗುರವಾಯಿತು.

ಉಳಿದ ಕಾಲದಲ್ಲಿ ಇನ್ನೂ ನಾಲ್ಕು ಜಿಂಕೆ ಕಂಡವು.

ಕಾಡಿನ ಬಾಗಿಲಿಗೆ ವಾಪಸು ಬಂದು ಇಳಿದರು. ಐದು ನಿಮಿಷಕ್ಕೆ ಎರಡನೇ ವ್ಯಾನು ಬಂತು. ಅದರಲ್ಲಿದ್ದವರು ವಿಜಯನಗರದ ಒಂದು ಬ್ಯಾಂಕಿನ ನೌಕರರು. ಇಳಿಯುವ ಮೊದಲೇ ಕೂಗಾಡುತ್ತಿದ್ದರು.

"ನೋಡಿದ್ರಾ ಸಾರ್? ನೋಡಿದ್ರಾ? ಏನು ಗಾತ್ರ ರೀ ಅದು! ನೀವು ಇನ್ನೂ ಹತ್ರ ಇದ್ರಿ! ನಾವು ಕೆರೆ ಆಚೆ ದಡದಲ್ಲಿದ್ವಿ, ನೀವು ಪೊದೆ ಪಕ್ಕಾನೇ ನಿಂತಿದ್ರಲ್ಲ!"

"ಏನನ್ನ?" ಎಂದರು ಗಂಗಾಧರಯ್ಯ.

"ಹುಲಿ ಸಾರ್!"

ಎಂಟನೇ ಕ್ರಾಸಿನವರು ನಿಧಾನವಾಗಿ ತಮ್ಮ ಡ್ರೈವರನ ಕಡೆ ತಿರುಗಿದರು. ಅವನು ಬೀಡಿ ಹಚ್ಚುತ್ತಿದ್ದ. "ನಾನು ಹೇಳ್ನಿಲ್ವಾ ಸಾ, ದೊಡ್ನಾಯಿ ಅಂತ? ಕಾಡೊಳಗೆ ಅದರ ಹೆಸ್ರು ಎತ್ತಂಗಿಲ್ಲ. ನಮ್ಮಪ್ಪನ ಕಾಲದಿಂದ್ಲೂ ದೊಡ್ನಾಯಿ ಅಂತ್ಲೇ ಅನ್ನದು. ಈ ಸಾರೇ ಬ್ಯಾಡ ಅಂದ್ರು."

ಎಲ್ಲರೂ ಚಕ್ರಪಾಣಿಯವರ ಕಡೆ ತಿರುಗಿದರು. ಆಮೇಲೆ ಏಕಾಂತಯ್ಯ ಹೇಳಿದರು, "ಹುಲಿಗೆ ಹಚಾ ಅಂದೋರು ಇಡೀ ದೇಶದಲ್ಲಿ ನೀವೊಬ್ರೇ ಇರ್ಬೇಕು ಮೇಷ್ಟ್ರೇ."

"ಹುಲಿ ಬಂತಲ್ಲ ಸಾರ್!" ಚಕ್ರಪಾಣಿ ಗಂಗಾಧರಯ್ಯನವರ ಕೈ ಹಿಡಿದುಕೊಂಡರು. "ನಾನು ಕಾಲಿಟ್ಟೆ, ಹುಲಿ ಬಂತು. ಕಾಲ್ಗುಣದಲ್ಲಿ ಏನು ತಪ್ಪಿದೆ ಹೇಳಿ?"

ಗಂಗಾಧರಯ್ಯ ನ್ಯಾಯವಂತರು. ಮೀಸೆ ನೇವರಿಸಿಕೊಂಡು ಎರಡೂ ಕಡೆ ತೂಗಿದರು. "ಒಪ್ಕೋತೀನಿ. ನಿಮ್ಮ ಕಾಲಿಗೆ ಹುಲಿ ಬಂತು. ನಿಮ್ಮ ಬಾಯಿಗೆ ಹೋಯ್ತು. ನಿಮ್ದು ಕಾಲ್ಗುಣ ಅಲ್ಲ ಮೇಷ್ಟ್ರೇ, ಬಾಯ್ಗುಣ."

"ಹಂಗಾದ್ರೆ ಗೃಹಪ್ರವೇಶ?"

"ಬೆಂಗ್ಳೂರು ಮುಟ್ಟೋ ತನಕ ನಿಮ್ಮ ಬಾಯಿಂದ ಒಂದಕ್ಷರ ಬರ್ಬಾರ್ದು. ಕೆಮ್ಮಬಹುದು. ಇದೊಂದು ಪಾಲಿಸಿದ್ರೆ ನನ್ನ ಮಾತೂ ಹಂಗೇ ಇರತ್ತೆ. ಹಸು ಆದ್ಮೇಲೆ ನೀವೇ. ಬಾಯ್ಬಿಟ್ರೆ ಮುಗೀತು."

ಚಕ್ರಪಾಣಿ ಬಾಯಿ ತೆರೆದರು. ಮುಚ್ಚಿದರು. ತಲೆಯಾಡಿಸಿದರು.

ಹಿಂದಿರುಗುವಾಗ ಟೆಂಪೋದ ಕೊನೆಯ ಉದ್ದ ಸೀಟಿನಲ್ಲಿ ಗಂಗಾಧರಯ್ಯ ಶಾಲು ಹೊದ್ದು ಮಲಗಿದರು. ಪಂಕಜಾ ಗಂಡನ ಪಕ್ಕ ಕೂತರೂ ಮುಖ ಕಿಟಕಿಯ ಕಡೆಗಿತ್ತು. ದಾರಿಯಲ್ಲಿ ಎಲ್ಲರಿಗೂ ಪುಳಿಯೋಗರೆ ಬಡಿಸಿದರು, ಗಂಡನಿಗೆ ಗೋಡಂಬಿ ಇಲ್ಲದ ಕಡೆಯಿಂದ ಬಡಿಸಿದರು.

ಮದ್ದೂರು ದಾಟಿ ಒಂದು ಕಡೆ ಫಕೀರೇಶ ಟೈರಿನ ಗಾಳಿ ನೋಡಲು ಗಾಡಿ ನಿಲ್ಲಿಸಿದ. ಎಲ್ಲರೂ ತೂಕಡಿಸುತ್ತಿದ್ದರು. ಗಂಗಾಧರಯ್ಯ ಮೆಲ್ಲಗೆ ಎದ್ದು, ಹಿಂದಿನ ಬಾಗಿಲಿನಿಂದ ಇಳಿದು, ಕಬ್ಬಿನ ಗದ್ದೆಯ ಕಡೆ ಹೋದುದನ್ನು ನೋಡಿದವರು ಚಕ್ರಪಾಣಿ ಒಬ್ಬರೇ. ಶಾಲು ಸೀಟಿನ ಮೇಲಿದ್ದ ಎರಡು ಬ್ಯಾಗುಗಳ ಮೇಲೆ ಬಿದ್ದಿತ್ತು. ದೂರದಿಂದ ನೋಡಿದರೆ ಗಂಗಾಧರಯ್ಯನವರೇ.

ಫಕೀರೇಶ ಹತ್ತಿ ಕೂತ. "ಎಲ್ಲಾರೂ ಅದೀರೇನ್ರಿ?"

"ಇದೀವಿ, ನಡಿಯಪ್ಪ" ಎಂದರು ಏಕಾಂತಯ್ಯ, ಕಣ್ಣು ಬಿಡದೆ.

ಗಾಡಿ ಹೊರಟಿತು. ಚಕ್ರಪಾಣಿ ದಡಕ್ಕನೆ ಎದ್ದು ನಿಂತು ಬಾಯಿ ತೆರೆದರು.

"ಬಾಯಿ!" ಎಂದರು ಪುಟ್ಟಲಕ್ಷ್ಮಿ.

ಮೇಷ್ಟ್ರು ಬಾಯಿ ಮುಚ್ಚಿಕೊಂಡು ಹಿಂದಿನ ಸೀಟಿನ ಕಡೆ ಕೈ ತೋರಿಸಿದರು. "ಶ್! ಅವ್ರು ಮಲಗಿದಾರೆ, ಎಬ್ಬಿಸ್ಬೇಡಿ" ಎಂದರು ಪುಟ್ಟಲಕ್ಷ್ಮಿ. ಮೇಷ್ಟ್ರು ಎರಡೂ ಕೈಯಿಂದ ಗಾಳಿಯಲ್ಲಿ ಒಂದು ದೊಡ್ಡ ಮೀಸೆ ತಿರುವಿ, ಹೊರಗೆ ಗದ್ದೆಯ ಕಡೆ ಬೆರಳು ಮಾಡಿದರು.

"ಅಯ್ಯೋ ಪಾಪ, ಇನ್ನೂ ಹುಲಿ ತಲೇಲೇ ಇದೆ ಇವ್ರಿಗೆ" ಎಂದರು ಏಕಾಂತಯ್ಯ. "ಮಂಡ್ಯ ಜಿಲ್ಲೇಲಿ ಹುಲಿ ಇಲ್ಲ ಮೇಷ್ಟ್ರೇ. ಕೂತ್ಕೊಳಿ."

ಮೇಷ್ಟ್ರು ಬೆವರಿದರು. ಒಂದು ಮಾತು ಆಡಿದರೆ ಗಂಗಾಧರಯ್ಯ ಗಾಡಿಯೊಳಗೆ ಬರುತ್ತಾರೆ, ತಾವು ಅವರ ಮನೆಯ ಹೊರಗೆ ಉಳಿಯುತ್ತಾರೆ. ಅಂಗಿ ಜೇಬಿನಿಂದ ಪೆನ್ನು ತೆಗೆದು, ಸಫಾರಿ ಟಿಕೆಟ್ಟಿನ ಹಿಂದೆ 'ಗಂಗಾಧರಯ್ಯ ಗಾಡಿಯಲ್ಲಿಲ್ಲ' ಎಂದು ದುಂಡಗೆ ಬರೆದು ಹೆಂಡತಿಯ ಕೈಗೆ ಕೊಟ್ಟರು. ಬರೆಯಬಾರದೆಂದು ಯಾರೂ ಹೇಳಿರಲಿಲ್ಲ.

ಪಂಕಜಾ ಚೀಟಿಯನ್ನು ಓದದೆ ಮಡಚಿ ವ್ಯಾನಿಟಿ ಬ್ಯಾಗಿಗೆ ಹಾಕಿದರು. "ತಪ್ಪಾಯ್ತು ಅಂತ ಬರ್ದಿರ್ತೀರಾ. ಮನೆಗೆ ಹೋಗಿ ಓದ್ತೀನಿ" ಎಂದು ಮತ್ತೆ ಕಿಟಕಿಗೆ ತಿರುಗಿದರು. ಆದರೂ ಡಬ್ಬಿ ತೆಗೆದು ಗೋಡಂಬಿ ಇದ್ದ ಕಡೆಯಿಂದ ಎರಡು ತುತ್ತು ಪುಳಿಯೋಗರೆ ಕೊಟ್ಟರು. ಚಕ್ರಪಾಣಿ ಅದನ್ನು ತಿಂದರು. ಆಮೇಲೆ ಅವರು ಪ್ರಯತ್ನ ಮಾಡಲಿಲ್ಲ.

ಕೆಂಗೇರಿಯಲ್ಲಿ ಟೀ ಕುಡಿಯಲು ಇಳಿದರು. ಅಧ್ಯಕ್ಷರನ್ನು ಎಬ್ಬಿಸಲು ಹೋದ ಏಕಾಂತಯ್ಯ ಶಾಲು ಎತ್ತಿದರು. ಕೆಳಗೆ ಎರಡು ಬ್ಯಾಗು, ಒಂದು ಕನ್ನಡಕದ ಡಬ್ಬಿ ಮತ್ತು ಒಂದು ಮೊಬೈಲ್ ಇದ್ದವು.

"ಮೇಷ್ಟ್ರೇ!" ಎಲ್ಲರೂ ಒಟ್ಟಿಗೆ ತಿರುಗಿದರು. "ನೀವು ಆವಾಗ್ಲೇ ಕೈ ತೋರಿಸ್ತಿದ್ರಿ. ನಿಮ್ಗೆ ಗೊತ್ತಿತ್ತಾ? ಬಾಯ್ಬಿಡ್ರೀ, ಬೆಂಗ್ಳೂರು ಬಂತಲ್ಲ!"

ಚಕ್ರಪಾಣಿ ಶಾಂತವಾಗಿ ರಸ್ತೆ ಬದಿಯ ಬೋರ್ಡಿನ ಕಡೆ ಕೈ ತೋರಿಸಿದರು. ಅದರ ಮೇಲೆ 'ಕೆಂಗೇರಿ ಪುರಸಭೆ' ಎಂದಿತ್ತು.

"ಕೆಂಗೇರಿ ಬೆಂಗ್ಳೂರೇ ರೀ!" ಎಂದು ಏಕಾಂತಯ್ಯ ಕಿರುಚಿದರು. ಅವರ ತಮ್ಮನ ಸೈಟು ಅಲ್ಲಿತ್ತು.

"ಸೈಟ್ ಮಾರೋವಾಗ ಬೆಂಗ್ಳೂರು, ನಲ್ಲೀಲಿ ನೀರು ಬಿಡೋವಾಗ ಕೆಂಗೇರಿ" ಎಂದರು ಪುಟ್ಟಲಕ್ಷ್ಮಿ.

"ಬೋರ್ಡ್ ಖರೇ ಐತ್ರೀ" ಎಂದ ಫಕೀರೇಶ. "ಬೆಂಗ್ಳೂರು ಇನ್ನೂ ಮುಂದ ಐತಿ."

ಅಷ್ಟರಲ್ಲಿ ಪಂಕಜಾ ಚೀಟಿ ಬಿಚ್ಚಿ ಓದಿ, "ಅಯ್ಯೋ ದೇವ್ರೇ" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. ಚೀಟಿ ಹನ್ನೊಂದು ಕೈ ಬದಲಾಯಿಸಿತು. ಬರೆದರೆ ಸಾಕಾ, ಬಾಯ್ಬಿಟ್ಟು ಹೇಳಬಾರದಾ ಎಂದು ಒಬ್ಬರು. ಹೇಳಬೇಡ ಅಂದವರು ಯಾರು ಎಂದು ಪಂಕಜಾ. ಜಗಳ ಹತ್ತಿಕೊಳ್ಳುವ ಹೊತ್ತಿಗೆ ಇನ್ನೊಂದು ಟೆಂಪೋ ಬಂದು ಪಕ್ಕದಲ್ಲಿ ನಿಂತಿತು. ಬೆಳಗಿನ ಬ್ಯಾಂಕಿನವರು. ಒಳಗಿನಿಂದ ಗಂಗಾಧರಯ್ಯ ಇಳಿದರು.

ಬೈಗುಳ ಬೀಳುತ್ತದೆಂದು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಅಧ್ಯಕ್ಷರ ಮುಖದಲ್ಲಿ ಸಿಟ್ಟಿರಲಿಲ್ಲ. ಮದ್ದೂರಿನಿಂದ ಕೆಂಗೇರಿಯ ತನಕ ಬ್ಯಾಂಕಿನವರು ತಮ್ಮ ಡಿಜಿಟಲ್ ಕ್ಯಾಮೆರಾದಲ್ಲಿ ಅವರಿಗೆ ಹುಲಿಯನ್ನು ತೋರಿಸುತ್ತಲೇ ಬಂದಿದ್ದರು.

"ಎಲ್ರೂ ನೋಡ್ರಿ, ಅದರ ಗತ್ತು ನೋಡ್ರಿ" ಎಂದು ಅವರು ಸಂಭ್ರಮದಿಂದ ಹೇಳುತ್ತ, ಚಕ್ರಪಾಣಿಯವರ ಕಡೆ ತಿರುಗಿದರು. "ನಾನು ಇಳಿದಿದ್ದು ನೀವು ನೋಡಿದ್ರಿ, ಅಲ್ವಾ?"

ಚಕ್ರಪಾಣಿ ತಲೆಯಾಡಿಸಿದರು.

"ಆದ್ರೂ ಬಾಯ್ಬಿಡ್ಲಿಲ್ಲ?"

ಅಡ್ಡಡ್ಡ ತಲೆಯಾಡಿಸಿದರು. ಕಣ್ಣಲ್ಲಿ ನೀರು ತುಂಬಿತ್ತು.

"ಭೇಷ್" ಎಂದರು ಗಂಗಾಧರಯ್ಯ. "ಮಾತು ಅಂದ್ರೆ ಮಾತು. ಗೃಹಪ್ರವೇಶದ ದಿನ ಮೊದಲು ನೀವೇ." ಆಮೇಲೆ ಬ್ಯಾಂಕಿನವರ ಕಡೆ ತಿರುಗಿ, "ಆ ಫೋಟೊ ನಂಗೆ ಕೊಡಿ ಸಾರ್, ದೊಡ್ಡದು ಮಾಡಿಸ್ಬೇಕು" ಎಂದರು.

ನಾಯಂಡಹಳ್ಳಿ ದಾಟಿದ ಮೇಲೆ ಚಕ್ರಪಾಣಿ ಬಾಯಿ ತೆರೆದು ಆಡಿದ ಮೊದಲ ಮಾತು, "ಪಂಕಜಾ, ಹೊಸ ಪಂಚೆ ತಗೋಬೇಕು ಕಣೇ."

ಕಾರ್ತಿಕ ಮಾಸದ ಒಂದು ಗುರುವಾರ. ಹೊಸ ಪಂಚೆ, ಹೊಸ ಶಲ್ಯ. ಚಕ್ರಪಾಣಿ ದಂಪತಿಗಳು ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಶ್ರೀಗಂಧದ ಕಾವಲ್ ಸೇರಿದರು. ಮೇಷ್ಟ್ರು ಮನೆಯಲ್ಲೇ ಎರಡು ಸಲ ಕಾಲು ತೊಳೆದುಕೊಂಡಿದ್ದರು. ಶಾಮಿಯಾನದ ಕೆಳಗೆ ಇಡೀ ಎಂಟನೇ ಕ್ರಾಸು ಕೂತಿತ್ತು. ಹಸು ಬಂತು. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋಯಿತು. ಹಾಲ್‌ನಲ್ಲಿ ಸಗಣಿ ಹಾಕಿತು. ಶುಭ ಎಂದರು ಪುರೋಹಿತರು.

ಚಕ್ರಪಾಣಿ ಬಲಗಾಲು ಎತ್ತಿದರು.

"ಒಂದ್ನಿಮಿಷ ಮೇಷ್ಟ್ರೇ" ಎಂದು ಗಂಗಾಧರಯ್ಯ ಅವರ ಕೈ ಹಿಡಿದು, ಮೆಟ್ಟಿಲಿನಿಂದ ಈಚೆ ಕರೆತಂದು, ಪೋರ್ಟಿಕೋದ ಮೇಲಕ್ಕೆ ಬೆರಳು ತೋರಿಸಿದರು. ಎಲ್ಲ ಹೊಸ ಮನೆಗಳಲ್ಲಿ ದೃಷ್ಟಿಬೊಂಬೆ ಕಟ್ಟುವ ಜಾಗದಲ್ಲಿ ಮೂರಡಿ ಎತ್ತರದ ಒಂದು ಬಣ್ಣದ ಫೋಟೊ ಇತ್ತು. ಕೆಕ್ಕರಿಸಿದ ಕಣ್ಣು, ಕಿವಿಯವರೆಗೆ ಅಗಲಿಸಿದ ಬಾಯಿ, ಹೊರಗೆ ಬಂದ ನಾಲಿಗೆ. ಹುಲಿಯ ಫೋಟೊದಲ್ಲಿ, ಪೊದೆಯ ಹಿಂದೆ, ವ್ಯಾನಿನ ಕಿಟಕಿಯಲ್ಲಿ ಸಿಕ್ಕಿದ ಚಕ್ರಪಾಣಿಯವರ ಮುಖ.

"ಹುಲಿನ ಬೇರೆ ಕತ್ತರಿಸಿ ಒಳಗೆ ಹಾಲ್‌ನಲ್ಲಿ ಹಾಕಿದೀನಿ" ಎಂದರು ಗಂಗಾಧರಯ್ಯ ಪ್ರೀತಿಯಿಂದಲೇ. "ಇದನ್ನ ಇಲ್ಲಿ. ನಿನ್ನೆ ಸಂಜೇನೇ ಏರಿಸ್ಬಿಟ್ವಿ. ಹಸು ಆದ್ಮೇಲೆ ಅಂದಿದ್ದೆ, ಹಸುಗಿಂತ ಮುಂಚೇನೇ ಬಂದ್ಬಿಟ್ರಿ ನೀವು. ಮಾತು ತಪ್ಪಿದೀನಾ ಹೇಳಿ?"

"ಸಾರ್, ನಾನು... ಕಾಲು..."

"ಅದೇ ನೋಡಿ, ಫೋಟೊದಲ್ಲಿ ಕಾಲಿಲ್ಲ. ಯಾರಿಗೂ ತೊಂದ್ರೆ ಇಲ್ಲ." ಗಂಗಾಧರಯ್ಯ ಅವರ ಭುಜ ತಟ್ಟಿದರು. "ನಿಮ್ಗೆ ಇಲ್ಲೇ ಶಾಮಿಯಾನದಲ್ಲಿ ಎಲೆ ಹಾಕ್ಸಿದೀನಿ. ಫ್ಯಾನಿದೆ. ಹೋಳಿಗೆ ಎರಡು ಜಾಸ್ತಿ ಹಾಕ್ಸಿಕೊಳ್ಳಿ."

ಚಕ್ರಪಾಣಿ ಫ್ಯಾನಿನ ಕೆಳಗೆ ಕೂತು ಎಲೆ ನೋಡುತ್ತಿದ್ದರು. ಪಂಕಜಾ ಪಕ್ಕದಲ್ಲೇ ಕೂತು ತಮ್ಮ ಎಲೆಯ ಹೋಳಿಗೆಯನ್ನೂ ಅವರ ಎಲೆಗೆ ಹಾಕಿದರು. ಆ ಬಡಾವಣೆಯ ಒಂದು ಬೀದಿನಾಯಿ ಒಳಗೆ ನುಗ್ಗಲು ಬಂದು, ತಲೆ ಎತ್ತಿ ಪೋರ್ಟಿಕೋ ನೋಡಿ, ಬಾಲ ಮಡಚಿಕೊಂಡು ವಾಪಸು ಹೋಯಿತು. ಶಾಮಿಯಾನದಲ್ಲಿದ್ದವರೆಲ್ಲ ಅದನ್ನು ಕಂಡರು.

ಪುಟ್ಟಲಕ್ಷ್ಮಿ ಎದ್ದು ಬಂದು, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಚಕ್ರಪಾಣಿಯವರ ಎದುರಿಗೇ ನಿಂತರು. ಮೇಷ್ಟ್ರ ಮುಖ ಅರಳಿತು.

"ಮೇಷ್ಟ್ರೇ, ನಾವೂ ಮೇಲೊಂದು ಮನೆ ಎತ್ತಿಸ್ತಾ ಇದೀವಿ" ಎಂದರು ಪುಟ್ಟಲಕ್ಷ್ಮಿ ವಿನಯದಿಂದ. "ಆ ಫೋಟೊ ನಮ್ಗೂ ಒಂದು ಕಾಪಿ ಬೇಕಾಗಿತ್ತು. ಹುಲಿ ಬೇಡ."